ಮೊದಲು ಹೊಳೆಯನ್ನು ಕೇಳಿ

ಬೆಂಗಳೂರು ಹೊಳೆ ಇಲ್ಲದ ಊರು. ಇದ್ದೊಂದು ವೃಷಭಾವತಿಯನ್ನು ನಾವೇ ಮೋರಿ ಮಾಡಿಕೊಂಡೆವು. ಅದಕ್ಕೇ ಇರಬೇಕು, ಎರಡು ದಿನ ರಜೆ ಸಿಕ್ಕಿತೆಂದರೆ ಇಲ್ಲಿನವರಿಗೆ ನೀರಿರುವ ಕಡೆಗೇ ಮನಸ್ಸು ಎಳೆಯುವುದು. ನಮ್ಮ ಬಂಧುಬಳಗದಲ್ಲಿ ಇಂಥ ಪ್ರವಾಸದ ಹೊಣೆ ಬಹಳ ವರ್ಷಗಳಿಂದ ನನ್ನ ತಲೆಗೇ ಕಟ್ಟಿದೆ. ನನ್ನ ತವರು ಶ್ರೀರಂಗಪಟ್ಟಣದ ಹತ್ತಿರದ ಹಳ್ಳಿ ಅನ್ನುವುದೊಂದೇ ಅದಕ್ಕೆ ಕಾರಣ. ಮದುವೆಯಾಗಿ ಬೆಂಗಳೂರಿನ ವಿಜಯನಗರಕ್ಕೆ ಬಂದು, ಶಾಲೆಯಲ್ಲಿ ಪಾಠ ಹೇಳಿ, ನಿವೃತ್ತಿಯೂ ಆಯಿತು. ಗುರುವಾರ ಸಂಜೆಯ ಫೋನು ಮಾತ್ರ ನಿಂತಿಲ್ಲ. "ಅತ್ತೆ, ಶನಿವಾರ ಕಾವೇರಿ ಕಡೆ ಹೋಗೋಣ ಅಂತಿದ್ದೀವಿ. ಒಂದು ಒಳ್ಳೇ ರೆಸಾರ್ಟ್ ಹೇಳಿ."

ರೆಸಾರ್ಟಿನ ಮಾತು ಆಮೇಲೆ. ನಾನು ಮೊದಲು ಕೇಳುವುದು, "ಡ್ಯಾಮಲ್ಲಿ ನೀರೆಷ್ಟಿದೆ, ನೋಡಿದ್ಯೇನೋ?" ಅಂತ.

ಈ ಪ್ರಶ್ನೆ ಹುಡುಗರಿಗೆ ತಮಾಷೆ. ಹವಾಮಾನ ನೋಡುತ್ತಾರೆ, ರಸ್ತೆ ನೋಡುತ್ತಾರೆ, ಕೊಠಡಿಗೆ ಎಷ್ಟು ಜನ ಎಷ್ಟು ನಕ್ಷತ್ರ ಕೊಟ್ಟಿದ್ದಾರೆ ಅಂತ ನೋಡುತ್ತಾರೆ. ಹೊಳೆ ಹೇಗಿದೆ ಅಂತ ನೋಡುವವರು ಕಡಿಮೆ. ಹೊಳೆ ಎಲ್ಲಿಗೆ ಹೋಗುತ್ತದೆ, ಅಲ್ಲೇ ಇರುತ್ತದಲ್ಲ ಅನ್ನುವ ಧೈರ್ಯ. ಅಲ್ಲೇ ಇರುತ್ತದೆ ನಿಜ. ಆದರೆ ಮೊಣಕಾಲುದ್ದ ಇರುತ್ತದೋ, ತೆಂಗಿನ ಮರದ ಬುಡ ಮುಟ್ಟಿರುತ್ತದೋ ಅನ್ನುವುದನ್ನು ಹೊಳೆಯೂ ನಿರ್ಧರಿಸುವುದಿಲ್ಲ, ಆ ಊರಿನ ಮಳೆಯೂ ನಿರ್ಧರಿಸುವುದಿಲ್ಲ. ಶ್ರೀರಂಗಪಟ್ಟಣದಲ್ಲಿ ಒಂದು ಹನಿ ಬೀಳದೆ ಬಿಸಿಲು ಕಾಯುತ್ತಿರುವ ದಿನವೇ ಹೊಳೆ ಎರಡೂ ದಡ ಸೇರಿಸಿ ಹರಿಯುವುದುಂಟು. ಮಳೆ ಸುರಿದದ್ದು ಕೊಡಗಿನಲ್ಲಿ, ಗೇಟು ತೆರೆದದ್ದು ಕನ್ನಂಬಾಡಿಯಲ್ಲಿ.

ಕನ್ನಂಬಾಡಿಯ, ಅಂದರೆ ಕೃಷ್ಣರಾಜಸಾಗರದ, ಪೂರ್ಣ ಮಟ್ಟ 124.80 ಅಡಿ. ನಮ್ಮ ಕಡೆ ಈ ಅಂಕಿ ಬಾಯಿಪಾಠವಿಲ್ಲದ ರೈತನಿಲ್ಲ. ಮಂಡ್ಯ, ಮೈಸೂರು ಆವೃತ್ತಿಯ ಪತ್ರಿಕೆಗಳಲ್ಲಿ ದಿನವೂ ಒಂದು ಚಿಕ್ಕ ಚೌಕ ಬರುತ್ತದೆ: ಇಂದಿನ ಮಟ್ಟ, ಒಳಹರಿವು, ಹೊರಹರಿವು. ಮಳೆಗಾಲದಲ್ಲಿ ಬೆಂಗಳೂರಿನ ಪತ್ರಿಕೆಗಳೂ, ಟಿವಿಯವರೂ ಅದನ್ನೇ ಹೇಳುತ್ತಿರುತ್ತಾರೆ. ಹೊಳೆಯ ಪ್ರವಾಸಕ್ಕೆ ಹೊರಡುವವರು ಓದಲೇಬೇಕಾದ ಸುದ್ದಿ ಇದು. ಓದುವ ಕ್ರಮವೂ ಕಷ್ಟದ್ದಲ್ಲ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ 28 ಲೀಟರಿಗಿಂತ ಸ್ವಲ್ಪ ಹೆಚ್ಚು. ಹೊರಹರಿವು 50,000 ಕ್ಯೂಸೆಕ್ ಅಂತ ಬರೆದಿದ್ದರೆ ಸೆಕೆಂಡಿಗೆ 14 ಲಕ್ಷ ಲೀಟರ್. ಬೇಸಿಗೆಯಲ್ಲಿ ನಮ್ಮ ಬೀದಿಗೆ 12,000 ಲೀಟರಿನ ಟ್ಯಾಂಕರ್ ಬಂದಾಗ ಬಿಂದಿಗೆ ಹಿಡಿದು ಓಡುತ್ತೇವಲ್ಲ, ಅಂಥ ನೂರಕ್ಕೂ ಹೆಚ್ಚು ಟ್ಯಾಂಕರು ಪ್ರತಿ ಸೆಕೆಂಡಿಗೆ ಕಣ್ಣ ಮುಂದೆ ಹಾದುಹೋದ ಲೆಕ್ಕ.

ಹೊರಹರಿವು ಐದಂಕಿ ಮುಟ್ಟಿದ ದಿನ ನಮ್ಮ ಮನೆಯವರು ಹೊಳೆಯನ್ನು ನೋಡಬಹುದು, ಮುಟ್ಟುವ ಹಾಗಿಲ್ಲ ಅನ್ನುವುದು ನಾನೇ ಮಾಡಿಕೊಂಡ ಕಾನೂನು. ಅಂಥ ದಿನಗಳಲ್ಲಿ ರಂಗನತಿಟ್ಟಿನಲ್ಲಿ ದೋಣಿ ಬಿಡುವುದಿಲ್ಲ, ಶ್ರೀರಂಗಪಟ್ಟಣದ ಸಂಗಮದಲ್ಲಿ ತೆಪ್ಪ ನಿಲ್ಲಿಸುತ್ತಾರೆ, ಸ್ನಾನಘಟ್ಟದ ಮೆಟ್ಟಿಲುಗಳು ಒಂದೊಂದಾಗಿ ಮುಳುಗುತ್ತವೆ. ಮಕ್ಕಳಿಗೆ ದೋಣಿ ತೋರಿಸುತ್ತೇನೆ ಅಂತ ಮಾತು ಕೊಟ್ಟು ಕರೆದುಕೊಂಡು ಹೋದವರು ವಾಪಸ್ ಬರುವಾಗ ಕಾರಿನ ಹಿಂದಿನ ಸೀಟಿನಲ್ಲಿ ಅಳು ಕೇಳಿಸಿಕೊಳ್ಳುತ್ತಾ ಬರಬೇಕು.

ಹೊರಹರಿವು ಕಡಿಮೆ ಇದ್ದರೆ ಸಾಕೇ? ಅದೂ ಅಲ್ಲ. ಮೂರೂ ಅಂಕಿಗಳನ್ನು ಒಟ್ಟಿಗೆ ಓದಬೇಕು. ಮಟ್ಟ 120 ದಾಟಿದೆ, ಒಳಹರಿವು ದಿನದಿಂದ ದಿನಕ್ಕೆ ಏರುತ್ತಿದೆ ಅಂದರೆ ಇವತ್ತು ಹೊಳೆಯಲ್ಲಿ ಬಂಡೆ ಕಾಣುತ್ತಿದ್ದರೂ ನಾಳೆ ಗೇಟು ಏಳಬಹುದು. ತಗ್ಗಿನ ಜನ ಎಚ್ಚರದಿಂದಿರಿ ಅಂತ ಆಡಳಿತದವರು ಪ್ರಕಟಣೆ ಕೊಡುತ್ತಾರೆ. ಅದು ತಲುಪುವುದು ಊರಿನವರಿಗೆ. ಬಂಡೆಯ ಮೇಲೆ ಹಾಡು ಹಚ್ಚಿಕೊಂಡು ಕೂತ ಬೆಂಗಳೂರಿನವರ ಕಿವಿಗೆ ಎಲ್ಲಿಂದ ತಲುಪಬೇಕು?

ತಿಂಗಳು ನೋಡಿ ತೀರ್ಮಾನ ಮಾಡುತ್ತೇನೆ ಅನ್ನುವವರಿಗೂ ಒಂದು ಮಾತು. 2023ರ ಮಳೆಗಾಲದಲ್ಲಿ ಕನ್ನಂಬಾಡಿ ತುಂಬಲೇ ಇಲ್ಲ. 2025ರಲ್ಲಿ ಜೂನ್ ತಿಂಗಳು ಮುಗಿಯುವುದರೊಳಗೇ ತುಂಬಿ, ಬಾಗಿನ ಅರ್ಪಿಸಿದ್ದೂ ಆಯಿತು. ಕ್ಯಾಲೆಂಡರಿಗಿಂತ ಆ ಚೌಕವೇ ವಾಸಿ.

ಇನ್ನೊಂದು ವಿಷಯ ಬೆಂಗಳೂರಿನವರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ. ಶ್ರೀರಂಗಪಟ್ಟಣಕ್ಕೆ ಹೋಗುವುದಾದರೆ ಕನ್ನಂಬಾಡಿಯ ಅಂಕಿ ಸಾಕು. ತಲಕಾಡು, ಶಿವನಸಮುದ್ರ, ಮುತ್ತತ್ತಿ, ಮೇಕೆದಾಟು ಅಂದರೆ ಸಾಲದು. ನಡುವೆ ತಿರುಮಕೂಡಲು ನರಸೀಪುರದಲ್ಲಿ ಕಪಿಲೆ ಬಂದು ಸೇರುತ್ತಾಳೆ. ಅವಳು ಹೊತ್ತು ತರುವುದು ವಯನಾಡಿನ ಮಳೆ. ಕಬಿನಿ ಜಲಾಶಯ ಚಿಕ್ಕದು, ಎಷ್ಟೋ ವರ್ಷ ಕನ್ನಂಬಾಡಿಗಿಂತ ಮೊದಲೇ ತುಂಬಿ ನೀರು ಬಿಡುತ್ತಾರೆ. ಶ್ರೀರಂಗಪಟ್ಟಣದಲ್ಲಿ ಹೊಳೆ ತಣ್ಣಗಿರುವಾಗಲೇ ತಲಕಾಡಿನಲ್ಲಿ ಮರಳು ಮುಳುಗಿರುವುದು ಇದರಿಂದ. ಹಾಗಾಗಿ ಎಲ್ಲಿಗೆ ಹೋಗುತ್ತೀರಿ ಅನ್ನುವುದರ ಮೇಲೆ ಯಾವ ಡ್ಯಾಮಿನ ಲೆಕ್ಕ ನೋಡಬೇಕು ಅನ್ನುವುದೂ ಬದಲಾಗುತ್ತದೆ.

ಡ್ಯಾಮಿನ ಲೆಕ್ಕ ಆಯಿತು. ಎರಡನೆಯದು ಪಂಚಾಂಗ. ನಗಬೇಡಿ. ಕಾವೇರಿಯ ದಡ ಅಂದರೆ ನಮ್ಮ ಜನಕ್ಕೆ ಪಿಕ್ನಿಕ್ ಜಾಗವಾಗುವ ಮುಂಚೆ ತರ್ಪಣ ಬಿಡುವ ಜಾಗ, ಅಸ್ಥಿ ಬಿಡುವ ಜಾಗ, ಹರಕೆ ತೀರಿಸುವ ಜಾಗ. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿ, ಗೋಸಾಯಿ ಘಾಟ್, ಸಂಗಮ ಈ ಮೂರೂ ಕಡೆ ಅಮಾವಾಸ್ಯೆಯ ದಿನ, ಅದರಲ್ಲೂ ಮಹಾಲಯ ಅಮಾವಾಸ್ಯೆಯಂದು, ಕಾಲಿಡಲು ಜಾಗವಿರುವುದಿಲ್ಲ. ತಂದೆ ತಾಯಿಯ ಅಸ್ಥಿ ತಂದು ತಲೆ ಬೋಳಿಸಿಕೊಂಡು ಕೂತವರ ಪಕ್ಕದಲ್ಲಿ ಚಾಪೆ ಹಾಸಿ ಚಿತ್ರಾನ್ನ ಬಿಚ್ಚುವುದು ಅವರಿಗೂ ಕಷ್ಟ, ನಮಗೂ ಕಷ್ಟ. ಹುಣ್ಣಿಮೆಯಂದು ಗಂಜಾಂನ ನಿಮಿಷಾಂಬ ಗುಡಿಯ ಮುಂದೆ ಸಾಲು. ಶ್ರಾವಣ ಶನಿವಾರ ಮುತ್ತತ್ತಿಯ ಆಂಜನೇಯನ ಮುಂದೆ ಜಾತ್ರೆ. ಅಕ್ಟೋಬರ್ ನಡುವೆ ತುಲಾ ಸಂಕ್ರಮಣ, ಅದಕ್ಕೆ ಹಿಂದೆ ಮುಂದೆ ದಸರಾ. ಗದ್ದಲ ಬೇಕು, ದೇವರೂ ಆಗಲಿ ಅನ್ನುವವರು ಅದೇ ದಿನ ನೋಡಿ ಹೊರಡಲಿ, ನನ್ನದೇನೂ ತಕರಾರಿಲ್ಲ. ಸುಮ್ಮನೆ ನೀರು ನೋಡುತ್ತಾ ಕೂರಬೇಕು ಅನ್ನುವವರು ಈ ದಿನಗಳನ್ನು ಬಿಟ್ಟು, ಸಾಧ್ಯವಾದರೆ ವಾರದ ನಡುವೆ ಎರಡು ದಿನ ರಜೆ ಹಾಕಿ ಹೋಗುವುದು ಒಳ್ಳೆಯದು. ಮಂಗಳವಾರದ ಸಂಗಮ ಬೇರೆ, ಭಾನುವಾರದ ಸಂಗಮ ಬೇರೆ.

ಹೊಳೆಯನ್ನು ಓದುವುದನ್ನು ನನಗೆ ಕಲಿಸಿದವರು ನನ್ನ ಸೋದರಮಾವ. ಗದ್ದೆ ಮಾಡಿಕೊಂಡು ಬದುಕಿದವರು, ಒಳ್ಳೆಯ ಈಜುಗಾರರು. ಆದರೂ ನೀರಿಗಿಳಿಯುವ ಮುಂಚೆ ಒಂದು ಬೀಡಿ ಸೇದಿ ಮುಗಿಸುವಷ್ಟು ಹೊತ್ತು ದಡದಲ್ಲಿ ಸುಮ್ಮನೆ ನಿಲ್ಲುತ್ತಿದ್ದರು. ನೋಡುತ್ತಿದ್ದುದು ನೀರನ್ನಲ್ಲ, ದಡದ ಗಿಡಗಳನ್ನು. "ಮ್ಯಾಕೆ ನೋಡವ್ವ, ಆ ಹೊಂಗೆ ಕೊಂಬೇಲಿ ಏನ್ ಸಿಕ್ಕಂಡದೆ?" ಅಂದರು ಒಮ್ಮೆ. ನನ್ನ ತಲೆಗಿಂತ ಒಂದು ಮೊಳ ಮೇಲೆ ಒಣಹುಲ್ಲು, ಬಿದಿರೆಲೆ, ಹರಿದ ಸೀರೆಯ ಚೂರು, ಒಂದು ಹವಾಯಿ ಚಪ್ಪಲಿ ಎಲ್ಲ ಗಂಟಾಗಿ ಸಿಕ್ಕಿಕೊಂಡು ಒಣಗಿದ್ದವು. "ಹೊಳೆ ಅಲ್ಲೀಗಂಟ ಬಂದು ಹೋಗದೆ. ನೀನೀಗ ನಿಂತಿರದು ಹೊಳೆ ಒಳಗೇಯ ಕಣವ್ವ." ನೀರು ನಮ್ಮಿಂದ ಇಪ್ಪತ್ತು ಮಾರು ದೂರದಲ್ಲಿತ್ತು.

ಆಮೇಲೆ ಬಂಡೆ ತೋರಿಸಿದರು. ನೀರಿನ ಅಂಚಿಗಿಂತ ಮೇಲೆ ಬಂಡೆಯ ಮೈ ಒಂದು ಗೇಣು ಒದ್ದೆಯಾಗಿ ಕಪ್ಪಗಿದ್ದರೆ ನೀರು ಇಳಿಯುತ್ತಿದೆ. ಒದ್ದೆಯ ಗೆರೆಯೇ ಇಲ್ಲದೆ ನೀರು ನೇರವಾಗಿ ಒಣ ಬಂಡೆಯನ್ನು ಮುಟ್ಟಿಕೊಂಡಿದ್ದರೆ, ಜೊತೆಗೆ ಒಣ ಎಲೆ, ಕಡ್ಡಿ, ನೊರೆ ತೇಲಿ ಬರುತ್ತಿದ್ದರೆ, ಏರುತ್ತಿದೆ. ತಿಳಿಯಾಗಿದ್ದ ನೀರು ಕೆಂಪಗೆ ಕದಡಿದರೆ ಮೇಲಿಂದ ಹೊಸ ನೀರು ಬಂತು ಅಂತ ಅರ್ಥ. ಯಾವುದೂ ಗೊತ್ತಾಗದಿದ್ದರೆ ನೀರಿನ ಅಂಚಿಗೆ ಸರಿಯಾಗಿ ಒಂದು ಕಲ್ಲಿಟ್ಟು ಸ್ವಲ್ಪ ಹೊತ್ತು ಬಿಟ್ಟು ನೋಡುವುದು. ಕಲ್ಲು ಮುಳುಗಿದ್ದರೆ ಗಂಟು ಕಟ್ಟಿ ಮೇಲೆ ಹತ್ತುವುದು. ನಾನು ಈಗಲೂ ಎಲ್ಲಿ ಹೋದರೂ ಚಾಪೆ ಹಾಸುವ ಮುಂಚೆ ಕಲ್ಲಿಡುತ್ತೇನೆ. ಮೊಮ್ಮಕ್ಕಳು ಆ ಕಲ್ಲನ್ನು ಕಾಯುವುದನ್ನೇ ಆಟ ಮಾಡಿಕೊಂಡಿದ್ದಾರೆ.

ಮಾವ ಹೇಳಿದ ಇನ್ನೊಂದು ಮಾತು: "ಊರೋರು ಎಲ್ಲಿ ಬಟ್ಟೆ ಒಗೀತಾರೆ, ಅಲ್ಲಿ ಇಳಿ. ಊರೋರು ಇಲ್ದಿದ್ ಕಡೆ ನೀನೂ ಇರ್ಬ್ಯಾಡ." ಇದಕ್ಕಿಂತ ಒಳ್ಳೆಯ ಸೂಚನಾ ಫಲಕವನ್ನು ನಾನು ಯಾವ ಪ್ರವಾಸಿ ತಾಣದಲ್ಲೂ ನೋಡಿಲ್ಲ. ಕಾವೇರಿ ಒಂದೊಂದು ಕಡೆ ಒಂದೊಂದು ಥರ. ತಲಕಾಡಿನಲ್ಲಿ ಹೊಳೆ ಅಗಲ, ಮರಳು ಹಾಸು, ನೋಡಲು ಪಾದ ಮುಳುಗುವಷ್ಟು ನೀರು. ಆದರೆ ಮರಳಿನ ನಡುವೆ ಗುಂಡಿಗಳಿರುತ್ತವೆ. ಮೊಣಕಾಲುದ್ದ ನೀರಿನಲ್ಲಿ ನಡೆಯುತ್ತಿದ್ದವರು ಮುಂದಿನ ಹೆಜ್ಜೆಗೆ ತಲೆ ಮುಳುಗುವಷ್ಟು ಆಳಕ್ಕೆ ಹೋಗುತ್ತಾರೆ. ಮುತ್ತತ್ತಿಯಲ್ಲಿ ಬಂಡೆ, ಬಂಡೆಯ ಸಂದಿಯಲ್ಲಿ ಸುಳಿ, ಮಡು. ಬಲಮುರಿಯಲ್ಲಿ ಕಟ್ಟೆಯ ಮೇಲೆ ಹಾದು ಬರುವ ನೀರು ಚಂದ, ಅಡಿಯಲ್ಲಿ ಪಾಚಿ. ಈ ಮೂರು ಊರಿನ ಹೆಸರೂ ಮುಳುಗಿ ಸತ್ತವರ ಸುದ್ದಿಯಲ್ಲಿ ಮತ್ತೆ ಮತ್ತೆ ಬರುತ್ತದೆ. ಸತ್ತವರಲ್ಲಿ ಬೆಂಗಳೂರಿನ ಹುಡುಗರು ಇರುತ್ತಾರೆ, ಈಜು ಬರುವವರೂ ಇರುತ್ತಾರೆ. ಈಜುಕೊಳದಲ್ಲಿ ಕಲಿತ ಈಜು ಹೊಳೆಯ ಸೆಳೆತಕ್ಕೆ ಸಾಲುವುದಿಲ್ಲ.

ಇನ್ನು ಮೊಸಳೆ. ರಂಗನತಿಟ್ಟಿನಲ್ಲಿ ದೋಣಿಯ ಮೇಲೆ ಕೂತು, ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಯ ಫೋಟೋ ತೆಗೆದವರೇ ಮಧ್ಯಾಹ್ನ ಅದೇ ಹೊಳೆಗೆ, ಸ್ವಲ್ಪ ಕೆಳಗೆ, ಮಕ್ಕಳನ್ನು ಇಳಿಸುತ್ತಾರೆ. ಪಕ್ಷಿಧಾಮದ ಗಡಿ ಎಲ್ಲಿ ಮುಗಿಯುತ್ತದೆ ಅಂತ ಮೊಸಳೆಗೆ ಯಾರೂ ಹೇಳಿಲ್ಲ.

ರಂಗನತಿಟ್ಟಿನ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಹೊಳೆಗೆ ಅಡ್ಡಲಾಗಿ ಒಡ್ಡು ಕಟ್ಟಿದ್ದರಿಂದ ಎದ್ದ ಚಿಕ್ಕ ಚಿಕ್ಕ ತಿಟ್ಟುಗಳು ಅವು. ಪಕ್ಷಿಶಾಸ್ತ್ರಜ್ಞ ಸಲೀಂ ಅಲಿ ಬಂದು ನೋಡಿ ಮಹಾರಾಜರಿಗೆ ಹೇಳಿದ ಮೇಲೆ 1940ರಲ್ಲಿ ಪಕ್ಷಿಧಾಮವಾಯಿತು; 2022ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು. ಹಕ್ಕಿ ನೋಡುವ ಆಸೆ ಇದ್ದವರು ಮಳೆಗಾಲ ಕಳೆದು, ಡಿಸೆಂಬರಿನಿಂದ ಮುಂದಕ್ಕೆ ಹೋಗಬೇಕು. ಬಣ್ಣದ ಕೊಕ್ಕರೆ, ಚಮಚದ ಕೊಕ್ಕಿನವು, ಹೆಜ್ಜಾರ್ಲೆ ಎಲ್ಲ ಗೂಡು ಕಟ್ಟುವ ಕಾಲ ಅದು. ಬೆಳಿಗ್ಗೆಯ ಮೊದಲ ದೋಣಿ ಹಿಡಿದರೆ ಹಕ್ಕಿ ಕೂಗುವುದು ಕೇಳುತ್ತದೆ. ಹನ್ನೊಂದು ಗಂಟೆಯ ಮೇಲೆ ಹೋದರೆ ನಮ್ಮವರೇ ಕೂಗುವುದು ಕೇಳುತ್ತದೆ. ಹೆಜ್ಜಾರ್ಲೆಯನ್ನು ತೀರಾ ಹತ್ತಿರದಿಂದ ನೋಡಬೇಕಾದರೆ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿಗೆ ಹೋಗಿ. ಶಿಂಷಾ ಹೊಳೆಯಿಂದ ದೂರವೇನಿಲ್ಲದ ಹಳ್ಳಿ. ಮನೆಗಳ ನಡುವಿನ ಹುಣಸೆ ಮರದ ಮೇಲೆ ಗೂಡು, ಕೆಳಗೆ ದನದ ಕೊಟ್ಟಿಗೆ. ಅಲ್ಲಿ ಟಿಕೆಟ್ಟಿಲ್ಲದೆ ನೋಡಿದಷ್ಟು ಹಕ್ಕಿಯನ್ನು ನಾನು ಇನ್ನೆಲ್ಲೂ ನೋಡಿಲ್ಲ.

ಯಾರಿಗೆ ಯಾವ ಜಾಗ? ವಯಸ್ಸಾದವರು, ಕೈಮಗು ಜೊತೆಗಿದ್ದರೆ ಶ್ರೀರಂಗಪಟ್ಟಣ. ಆಸ್ಪತ್ರೆ, ಔಷಧಿ ಅಂಗಡಿ, ಆಟೋ, ಇಡ್ಲಿ ಎಲ್ಲ ಕೈಗೆಟುಕುವ ದೂರದಲ್ಲಿ, ಹೊಳೆ ಊರಿನ ಎರಡೂ ಕಡೆ. ಕಾಡು ಬೇಕು, ಫೋನು ಬೇಡ ಅನ್ನುವವರಿಗೆ ಭೀಮೇಶ್ವರಿ, ಮುತ್ತತ್ತಿಯ ಕಡೆ. ಹಲಗೂರಿನಿಂದ ಒಳಕ್ಕೆ ತಿರುಗಿದ ಮೇಲೆ ಕಾವೇರಿ ವನ್ಯಜೀವಿ ಧಾಮ. ಪೆಟ್ರೋಲು, ಮಾತ್ರೆ, ಹಾಲು ಎಲ್ಲ ಹಲಗೂರಿನಲ್ಲೇ ಮುಗಿಸಿಕೊಳ್ಳಬೇಕು, ಕತ್ತಲಾಗುವ ಮುಂಚೆ ತಲುಪಬೇಕು. ಸಂಜೆಯ ಮೇಲೆ ಆ ದಾರಿ ಆನೆಗಳದ್ದು. ಭೀಮೇಶ್ವರಿಯಲ್ಲಿ ಹಿಂದೆ ಮಹಶೀರ್ ಮೀನು ಹಿಡಿಯಲು ಹೊರದೇಶಗಳಿಂದ ಜನ ಬರುತ್ತಿದ್ದರು. ಆ ಗಾಳದ ಆಟ ನಿಂತು ವರ್ಷಗಳಾದವು, ಮೀನೂ ಅಳಿವಿನ ಅಂಚಿಗೆ ಬಂದಿದೆ. ಈಗ ಹೊಳೆ, ಕಾಡು, ಹಕ್ಕಿ, ಮೌನ. ಮುತ್ತತ್ತಿಯಲ್ಲಿ ಕೋತಿಗಳ ಕಾಟ. ಊಟದ ಬುಟ್ಟಿ ಕಾರಿನಲ್ಲೇ ಇರಲಿ, ಕಾರಿನ ಕಿಟಕಿ ಮುಚ್ಚಿರಲಿ. ಶಿವನಸಮುದ್ರ ನನ್ನ ಲೆಕ್ಕದಲ್ಲಿ ಹೊಳೆಯ ಪ್ರವಾಸವಲ್ಲ, ನೋಡಿಕೊಂಡು ಮುಂದೆ ಹೋಗುವ ಜಾಗ. ಮಳೆಗಾಲದಲ್ಲಿ ಗಗನಚುಕ್ಕಿ, ಭರಚುಕ್ಕಿ ನೋಡಿ, 1902ರಲ್ಲೇ ಇಲ್ಲಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಯಿತು ಅಂತ ಮಕ್ಕಳಿಗೆ ಹೇಳಿ ಹೊರಡಬಹುದು. ತಲಕಾಡಿಗೆ ಹೋದವರು ಸೋಮನಾಥಪುರ ಸೇರಿಸಿಕೊಳ್ಳಿ. ಹದಿಮೂರನೇ ಶತಮಾನದ ಕೇಶವ ಗುಡಿ. ಬೇಲೂರು, ಹಳೇಬೀಡಿನ ಜೊತೆ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ.

ಕನಕಪುರದ ಆಚೆಯ ಇನ್ನೊಂದು ಸಂಗಮದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಬೆಂಗಳೂರಿಗೆ ಹತ್ತಿರ, ನೂರು ಕಿಲೋಮೀಟರಿನೊಳಗೆ. ಅಲ್ಲಿಂದ ಹೊಳೆ ದಾಟಿ ಮೇಕೆದಾಟಿಗೆ ಹೋಗುವುದು. ಜನ ಗುಂಪು ಗುಂಪಾಗಿ ಹೋಗಿ ಅಲ್ಲೇ ಮೀಯುತ್ತಾರೆ. ಆದರೆ ಅಲ್ಲಿ ಕಾವೇರಿಯನ್ನು ಸೇರುವ ಹೊಳೆ ಯಾವುದು? ಅರ್ಕಾವತಿ. ಅರ್ಕಾವತಿಯನ್ನು ಮೇಲೆ ಸೇರುವುದು ವೃಷಭಾವತಿ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದಳೆಂದು ಹೇಳುವ ಆ ವೃಷಭಾವತಿ ವಿಜಯನಗರ, ರಾಜರಾಜೇಶ್ವರಿ ನಗರ, ಕೆಂಗೇರಿಯ ಬಚ್ಚಲು ಕಕ್ಕಸಿನ ನೀರನ್ನೆಲ್ಲ ಹೊತ್ತು, ಬಿಡದಿಯ ಹತ್ತಿರ ಬೈರಮಂಗಲದ ಕೆರೆಯಲ್ಲಿ ಬಿಳಿ ನೊರೆ ಎಬ್ಬಿಸಿ, ಮುಂದೆ ಹೋಗುತ್ತಾಳೆ. ನಮ್ಮ ಮನೆಯ ಬಚ್ಚಲಿನ ನೀರು ನಮಗಿಂತ ಮೊದಲೇ ಸಂಗಮಕ್ಕೆ ಹೊರಟಿರುತ್ತದೆ. ಮಳೆಗಾಲದ ಪ್ರವಾಹದಲ್ಲಿ ಗೊತ್ತಾಗುವುದಿಲ್ಲ. ಹೊಳೆ ಸಣ್ಣಗಾದ ಬೇಸಿಗೆಯಲ್ಲಿ ಮೂಗು ಹೇಳುತ್ತದೆ. ನಾನು ಅಲ್ಲಿ ಮಕ್ಕಳನ್ನು ನೀರಿಗೆ ಬಿಡುವುದಿಲ್ಲ.

ಆಗಲೇ ಹೇಳಿದ ಹಲಗೂರಿನ ಕಡೆಯ ದಾರಿಯಲ್ಲಿ, ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಕುಡಿಯುವ ನೀರು ಹತ್ತುವುದು. ಹತ್ತಿರ ಹತ್ತಿರ ನೂರು ಕಿಲೋಮೀಟರ್ ದೂರ, ಐನೂರು ಮೀಟರಿನಷ್ಟು ಎತ್ತರ. ಪಂಪು ಒತ್ತಿ ಒತ್ತಿ ಕಳಿಸಬೇಕು. ಐದನೇ ಹಂತ 2024ರ ಅಕ್ಟೋಬರಿನಲ್ಲಿ ಶುರುವಾಯಿತು, ದಿನಕ್ಕೆ 775 ದಶಲಕ್ಷ ಲೀಟರಿನ ಯೋಜನೆ. ಹೋಗುವ ದಾರಿಯಲ್ಲಿ ಗಾಡಿ ನಿಲ್ಲಿಸಿ ಆ ದಪ್ಪ ಕೊಳವೆಗಳನ್ನು ಮಕ್ಕಳಿಗೆ ತೋರಿಸಿ. ಮನೆಯ ನಲ್ಲಿಯಲ್ಲಿ ದಿನಾ ಬರುವವಳನ್ನೇ ನೋಡಲು ಬಂದಿದ್ದೇವೆ ಅಂತ ಗೊತ್ತಾಗಲಿ. ನಮ್ಮ ಹುಡುಗನೊಬ್ಬ ಅದನ್ನು ನೋಡಿದ ಮೇಲೆ ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸುತ್ತಾನೆ. ಅದಕ್ಕೆ ಮುಂಚೆ ನಾನು ಹೇಳಿ ಹೇಳಿ ಸಾಕಾಗಿತ್ತು.

ಈಗ ಉಳಿಯುವ ಜಾಗ. ಹೊಳೆಯ ದಡದಲ್ಲಿ ಈಗ ತೋಟದ ಮನೆ, ಹೋಂಸ್ಟೇ, ರೆಸಾರ್ಟು ಬೇಕಾದಷ್ಟಿವೆ. ಚಿತ್ರ ನೋಡಿ ಹಣ ಕಳಿಸಬೇಡಿ. ಫೋನು ಮಾಡಿ, ಅಲ್ಲೇ ಕೆಲಸ ಮಾಡುವವರ ಹತ್ತಿರ ಮಾತಾಡಿ. ಕೋಣೆಯ ಬಾಗಿಲಿನಿಂದ ನೀರಿಗೆ ಎಷ್ಟು ದೂರ, ನಡುವೆ ಯಾರ ಗದ್ದೆಯಾದರೂ ಇದೆಯೇ, ದಡಕ್ಕೆ ಬೇಲಿ ಇದೆಯೇ, ನೀರಿಗಿಳಿಯಲು ಮೆಟ್ಟಿಲಿದೆಯೇ, ಕಳೆದ ವಾರ ಹೊಳೆ ಎಲ್ಲಿಯವರೆಗೆ ಬಂದಿತ್ತು ಅಂತ ಕೇಳಿ. ಕೊನೆಯ ಪ್ರಶ್ನೆಗೆ ತಡವರಿಸದೆ ಉತ್ತರ ಕೊಡುವ ಕಡೆ ನಾನು ಕಣ್ಣು ಮುಚ್ಚಿ ಬುಕ್ ಮಾಡುತ್ತೇನೆ. ಒಂದು ಕಡೆ ಹೊಳೆಯ ಪಕ್ಕವೇ ಅಂದಿದ್ದರು. ಹೋಗಿ ನೋಡಿದರೆ ಪಕ್ಕದಲ್ಲಿದ್ದದ್ದು ನಾಲೆ. ನಾಲೆಯೂ ಕಾವೇರಿಯೇ, ಕೊರಗಬೇಡಿ ಅಂತ ಮಾಲೀಕರು ಸಮಾಧಾನ ಹೇಳಿದರು. ವಾದ ತಪ್ಪೆನ್ನಲಾಗದು; ಆದರೆ ನಾಲೆಯ ಕಾಂಕ್ರೀಟ್ ಏರಿ ಜಾರು, ಬಿದ್ದವರಿಗೆ ಹಿಡಿಯಲು ಒಂದು ಬೇರೂ ಸಿಗುವುದಿಲ್ಲ. ಆ ಎರಡೂ ದಿನ ನನ್ನ ಕಣ್ಣು ಮಕ್ಕಳ ಬೆನ್ನಿನ ಮೇಲೇ.

ಒಂದು ರಾತ್ರಿ ಉಳಿಯುವುದು ಮಾತ್ರ ತಪ್ಪಿಸಬೇಡಿ. ಬೆಳಿಗ್ಗೆ ಹೋಗಿ ಸಂಜೆ ಬರುವ ಪ್ರವಾಸದಲ್ಲಿ ಸಿಗುವುದು ಮಧ್ಯಾಹ್ನದ ಹೊಳೆ: ಬಿಸಿಲು, ಬಿಸಿ ಬಂಡೆ, ಜನ. ಹೊಳೆ ಚೆನ್ನಾಗಿರುವುದು ಬೆಳಿಗ್ಗೆ ಆರರಿಂದ ಎಂಟು. ಬಟ್ಟೆ ಒಗೆಯುವವರು ಇನ್ನೂ ಬಂದಿರುವುದಿಲ್ಲ, ಮಿಂಚುಳ್ಳಿ ಆಗಲೇ ಕೆಲಸಕ್ಕೆ ಬಂದಿರುತ್ತದೆ. ಆ ಎರಡು ಗಂಟೆಗಾಗಿಯೇ ದುಡ್ಡು ಕೊಡುತ್ತಿರುವುದು ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಮಲಗಿದ್ದವರನ್ನು ಎಬ್ಬಿಸಲು ಹೋಗುವುದಿಲ್ಲ. ನನಗೆ ಒಬ್ಬಳೇ ಇದ್ದರೂ ಸರಿಯೇ. ಮತ್ತೆ, ಎರಡು ದಿನದಲ್ಲಿ ಆರು ಜಾಗ ಸೇರಿಸುವ ಹಟ ಬೇಡ. ನಿಮಿಷಾಂಬ, ಕರಿಘಟ್ಟ, ಬಲಮುರಿ, ಬೃಂದಾವನ, ಮೈಸೂರಿನ ಅರಮನೆ, ಬರುವಾಗ ಮೇಲುಕೋಟೆ ಅಂತ ಪಟ್ಟಿ ಮಾಡಿದವರು ನೋಡುವುದು ಪಾರ್ಕಿಂಗ್ ಜಾಗಗಳನ್ನು.

ತೆಪ್ಪದ ವಿಚಾರ. ಬಿದಿರಿನ ಹೆಣಿಗೆಗೆ ಹಿಂದೆ ತೊಗಲು ಹೊದಿಸುತ್ತಿದ್ದರು, ಈಗ ದಪ್ಪ ಪ್ಲಾಸ್ಟಿಕ್ ಹೊದಿಸಿ ಟಾರು ಬಳಿಯುತ್ತಾರೆ. ಹತ್ತುವ ಮುಂಚೆ ಒಳಗೆ ಬಗ್ಗಿ ನೋಡಿ; ತಳದಲ್ಲಿ ನೀರು ನಿಂತು ಅದನ್ನು ಮೊಗೆಯಲು ಡಬ್ಬ ಇಟ್ಟಿದ್ದರೆ ಬೇರೆ ತೆಪ್ಪ ಕೇಳಿ. ಲೈಫ್ ಜಾಕೆಟ್ ಕೊಟ್ಟರೆ ಸಾಲದು, ಅದರ ಕೊಂಡಿ ಹಾಕಬೇಕು. ಕೊಂಡಿ ಮುರಿದ ಜಾಕೆಟ್ಟುಗಳೇ ಹೆಚ್ಚು. ತೆಪ್ಪವನ್ನು ಗಿರ್ರನೆ ತಿರುಗಿಸು ಅಂತ ಹುಡುಗರು ದುಂಬಾಲು ಬೀಳುತ್ತಾರೆ. ತೆಪ್ಪದವರು ಬೇಡ ಅಂದರೆ ಬೇಡ ಅಷ್ಟೇ. ದುಡ್ಡು ಹೆಚ್ಚು ಕೊಡುತ್ತೇವೆ ಅಂತ ಆಸೆ ಹಚ್ಚಬೇಡಿ. ಅವರ ಹೆಂಡತಿ ಮಕ್ಕಳು ದಡದಲ್ಲಿ ಕಾಯುತ್ತಿರುತ್ತಾರೆ.

ಊಟಕ್ಕೆ ನಾನು ಮನೆಯಿಂದಲೇ ಕಟ್ಟುತ್ತೇನೆ. ಮೊದಲ ಮಧ್ಯಾಹ್ನಕ್ಕೆ ಪುಳಿಯೋಗರೆ, ಮೊಸರನ್ನ, ಮಾವಿನಕಾಯಿ ಉಪ್ಪಿನಕಾಯಿ. ಮೊಸರನ್ನಕ್ಕೆ ಹಾಲು ಹೆಚ್ಚು ಹಾಕಿ, ಮೊಸರು ಒಂದೇ ಚಮಚ ಹೆಪ್ಪಿಗೆ. ತಲುಪುವ ಹೊತ್ತಿಗೆ ಸರಿಯಾಗುತ್ತದೆ, ಹುಳಿ ಬರುವುದಿಲ್ಲ. ಬಾಳೆ ಎಲೆ ತೆಗೆದುಕೊಂಡು ಹೋದರೆ ತಟ್ಟೆ ತೊಳೆಯುವ ಕೆಲಸವೂ ಇಲ್ಲ, ಪ್ಲಾಸ್ಟಿಕ್ಕೂ ಇಲ್ಲ, ಉಂಡ ಎಲೆ ಹಸುವಿಗೆ. ಮೀನು ತಿನ್ನುವವರು ಕನ್ನಂಬಾಡಿಯ ಸುತ್ತಮುತ್ತ ಬಾಣಲೆಯ ಮುಂದೆ ನಿಂತು ಬಿಸಿಬಿಸಿ ತಿನ್ನಬಹುದು. ನಮ್ಮ ಮನೆಯ ಗಂಡಸರು ಆ ವಿಷಯದಲ್ಲಿ ನನ್ನ ಸಲಹೆ ಕೇಳುವುದಿಲ್ಲ. ಚಿಪ್ಸು, ಬಾಟಲಿ, ಶಾಂಪೂವಿನ ಚೀಟಿ, ಉಟ್ಟು ಬಿಟ್ಟ ಬಟ್ಟೆ ಇವೆಲ್ಲ ಈಗಾಗಲೇ ಘಟ್ಟಗಳಲ್ಲಿ ಬೇಕಾದಷ್ಟಿವೆ. ಒಂದು ಖಾಲಿ ಗೋಣಿಚೀಲ ಇಟ್ಟುಕೊಳ್ಳಿ, ನಿಮ್ಮ ಕಸ ನಿಮ್ಮ ಜೊತೆಗೇ ಬೆಂಗಳೂರಿಗೆ ಬರಲಿ.

ದಾರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. 2023ರ ಮಾರ್ಚಿನಲ್ಲಿ ಮೈಸೂರು ಹೆದ್ದಾರಿ ಉದ್ಘಾಟನೆಯಾದ ಮೇಲೆ ಶ್ರೀರಂಗಪಟ್ಟಣ ಎರಡು ಗಂಟೆಯ ದಾರಿ. ಆದರೆ ರಾಮನಗರ, ಚನ್ನಪಟ್ಟಣ, ಮದ್ದೂರು ಎಲ್ಲ ಪಕ್ಕಕ್ಕೆ ಉಳಿದವು. ಮದ್ದೂರು ವಡೆ ಬೇಕಾದರೆ ನೆನಪಿಟ್ಟುಕೊಂಡು ಕೆಳಗಿಳಿಯಬೇಕು. ಒಮ್ಮೆ ದಾಟಿದರೆ ದಾಟಿದಂತೆಯೇ. ಬೈಕಿನ ಹುಡುಗರು ಗಮನಿಸಿ: 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಮುಖ್ಯ ರಸ್ತೆಯಲ್ಲಿ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯೇ ಗತಿ, ಅದಕ್ಕೆ ತಕ್ಕ ಹಾಗೆ ಹೊತ್ತು ಲೆಕ್ಕ ಹಾಕಿಕೊಳ್ಳಿ. ಭಾನುವಾರ ಸಂಜೆ ಐದರ ಮೇಲೆ ವಾಪಸ್ ಹೊರಟವರು ಎರಡು ದಿನದ ವಿಶ್ರಾಂತಿಯನ್ನೆಲ್ಲ ಕೆಂಗೇರಿಯ ಸಾಲಿನಲ್ಲಿ ಕಳೆದುಕೊಳ್ಳುತ್ತಾರೆ. ಊಟ ಮುಗಿಸಿ ಎರಡಕ್ಕೇ ಹೊರಡಿ, ಇಲ್ಲವೇ ಸೋಮವಾರ ಬೆಳಗಿನ ಜಾವ.

ಕಾರೇ ಬೇಡ ಅನ್ನುವವರಿಗೆ ರೈಲಿದೆ, ನನಗೆ ಅದೇ ಇಷ್ಟ. ಶ್ರೀರಂಗಪಟ್ಟಣದ ನಿಲ್ದಾಣ ಕೋಟೆಯ ಒಳಗೇ ಇದೆ. ಜೋಡಿ ಹಳಿ ಹಾಕಲು ಅಡ್ಡಿಯಾಗಿದ್ದ ಟಿಪ್ಪು ಕಾಲದ ಮದ್ದಿನ ಮನೆಯನ್ನು 2017ರಲ್ಲಿ ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿದ್ದು ಇಲ್ಲೇ. ಇಳಿದು ಆಟೋ ಹಿಡಿದರೆ ಹೊಳೆಗೆ ಹೆಚ್ಚು ಹೊತ್ತಿಲ್ಲ. ಆದರೆ ಮೈಸೂರಿಗೆ ಹೋಗುವ ಎಲ್ಲ ರೈಲೂ ಅಲ್ಲಿ ನಿಲ್ಲುವುದಿಲ್ಲ. ಟಿಕೆಟ್ ತೆಗೆಯುವ ಮುಂಚೆ ಅದನ್ನೊಂದು ನೋಡಿಕೊಳ್ಳಿ.